ಅಧಿಕೃತ ಇ-ಮೇಲ್ ಪತ್ರಗಳು ಸ್ಪ್ಯಾಮ್ ವಿಭಾಗಕ್ಕೆ ಸೇರದಂತೆ ವಹಿಸಬೇಕಾದ ಎಚ್ಚರಿಕೆ

ಗ್ರಾಮ ಪಂಚಾಯತಿಗಳಿಂದ ಇ-ಮೇಲ್ ಮೂಲಕ ರವಾನೆಯಾಗುವ ಸಭಾ ಸೂಚನಾ ಪತ್ರ ಹಾಗೂ ವರದಿಗಳು ಕೆಲವೊಮ್ಮೆ ಇನ್‌ಬಾಕ್ಸ್‌ಗೆ ಬಾರದೆ ಸ್ಪ್ಯಾಮ್ ವಿಭಾಗವನ್ನು ಸೇರುತ್ತವೆ. ಕಳುಹಿಸಿದವರಿಗೆ ಇದರ ಸುಳಿವು ದೊರೆಯುವುದಿಲ್ಲ. ಜಿ-ಮೇಲ್‌ನಲ್ಲಿ ಸ್ಪ್ಯಾಮ್ ಸೇರಿದ ಪತ್ರವು 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಸೂಚನೆ ತಲುಪದ ಸದಸ್ಯರು ಸಭೆಯಲ್ಲಿ ತಮ್ಮ ವಾರ್ಡಿನ ಬೇಡಿಕೆಯನ್ನು ಮಂಡಿಸುವ ಅವಕಾಶದಿಂದ ವಂಚಿತರಾಗುತ್ತಾರೆ.

ಶೋಧಕ ವ್ಯವಸ್ಥೆಯು ಪತ್ರದ ಸದುದ್ದೇಶವನ್ನು ಅರಿಯದು. ಕಳುಹಿಸುವ ವಿಳಾಸದ ವಿಶ್ವಾಸಾರ್ಹತೆ, ಒಳಗಿನ ಲಿಂಕ್ ಹಾಗೂ ಲಗತ್ತುಗಳು, ಸ್ವೀಕರಿಸಿದವರು ಹಿಂದೆ ಸಲ್ಲಿಸಿದ ದೂರುಗಳು ಇವುಗಳನ್ನು ತೂಗಿ ನೋಡುತ್ತದೆ. ಆದುದರಿಂದ ಈ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಖಾಸಗಿ ವಿಳಾಸದ ಬದಲು ಪಂಚಾಯತಿಯ ಅಧಿಕೃತ ವಿಳಾಸದಿಂದಲೇ, ವಿಷಯ ಮತ್ತು ಪತ್ರಸಂಖ್ಯೆ ನಮೂದಿಸಿ ಕಳುಹಿಸುವುದು.

2. ಮೂಲ ವಿಳಾಸ ಕಾಣದಂತೆ ಮೊಟಕುಗೊಳಿಸಿದ ಲಿಂಕ್‌ಗಳನ್ನು ಬಳಸದಿರುವುದು.

3. ಸದಸ್ಯರು ಎರಡು ದಿನಗಳಿಗೊಮ್ಮೆ ಸ್ಪ್ಯಾಮ್ ವಿಭಾಗವನ್ನು ಪರಿಶೀಲಿಸುವುದು. ಕಳುಹಿಸಿದವರ ವಿಳಾಸವು ಅಧಿಕೃತವೆಂದು ದೃಢಪಟ್ಟಲ್ಲಿ ಮಾತ್ರ ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಿ, ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳುವುದು. ವಂಚಕರ ಪತ್ರಗಳೂ ಅಲ್ಲಿಯೇ ಇರುತ್ತವೆ ಎಂಬುದನ್ನು ಮರೆಯಬಾರದು.

4. ಸಭಾ ಸೂಚನೆ ಕಳುಹಿಸಿದ ದಿನವೇ ದೂರವಾಣಿ ಮೂಲಕ ವಿಚಾರಿಸಿ, ಅದು ತಲುಪಿರುವುದನ್ನು ಖಚಿತಪಡಿಸಿಕೊಳ್ಳುವುದು.

ಮಾನ್ಯ ಸದಸ್ಯರು ಸಹಕರಿಸಲು ಕೋರಲಾಗಿದೆ.