ನಿದ್ದೆಗೆಂದು ಬರೆದ ಮನೋರೋಗದ ಮಾತ್ರೆ

ನಿದ್ದೆ ಬರುತ್ತಿಲ್ಲವೆಂದು ಹೋದವರ ಚೀಟಿಯಲ್ಲಿ ಕೆಲವೊಮ್ಮೆ ಕ್ವೆಟಿಯಾಪಿನ್ 25 ಮಿ.ಗ್ರಾಂ. ಇರುತ್ತದೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಸ್ಕಿಜೋಫ್ರೇನಿಯಾದ ಔಷಧಿ ಎಂದು ಕಂಡು ಎದೆ ಧಸಕ್ಕೆನ್ನುತ್ತದೆ. ಡಾಕ್ಟರು ನನ್ನನ್ನು ಏನೆಂದುಕೊಂಡರು?

ಗಾಬರಿ ಬೇಡ. ಒಂದು ಕಾಯಿಲೆಗೆ ಅನುಮತಿ ಪಡೆದ ಔಷಧಿಯನ್ನು ಇನ್ನೊಂದಕ್ಕೆ ಕೊಡುವುದಕ್ಕೆ ಆಫ್-ಲೇಬಲ್ ಬಳಕೆ ಎನ್ನುತ್ತಾರೆ. ಅಮೆರಿಕದಲ್ಲಿ ವೈದ್ಯರು ಹೀಗೆ ಬರೆಯಬಹುದು, ಕಂಪನಿ ಹಾಗೆ ಪ್ರಚಾರ ಮಾಡುವಂತಿಲ್ಲ. ನಿದ್ರಾಹೀನತೆಯೂ ಸೇರಿದಂತೆ ಅನುಮತಿಯಿಲ್ಲದ ಬಳಕೆಗಳಿಗೆ ಇದೇ ಕ್ವೆಟಿಯಾಪಿನ್ನನ್ನು ಪ್ರಚಾರ ಮಾಡಿದ ಆರೋಪದ ಮೇಲೆ ಆಸ್ಟ್ರಾಜೆನೆಕಾ ಕಂಪನಿ 2010ರಲ್ಲಿ 52 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆರೋಪವನ್ನೇನೋ ಅದು ಒಪ್ಪಲಿಲ್ಲ.

ಈ ಮಾತ್ರೆಯಿಂದ ನಿದ್ದೆ ಬರುವುದು ಹೇಗೆ? ನಮ್ಮನ್ನು ಎಚ್ಚರವಾಗಿಡುವ ಮೆದುಳಿನ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಒಂದು. ತುರಿಕೆಗೆ ಅವಿಲ್ ನುಂಗಿದವರಿಗೆ ತೂಕಡಿಕೆ ಬರುವುದು ಅದನ್ನು ತಡೆಯುವುದರಿಂದಲೇ. ಕ್ವೆಟಿಯಾಪಿನ್ ಕಡಿಮೆ ಪ್ರಮಾಣದಲ್ಲಿ ಮುಖ್ಯವಾಗಿ ಮಾಡುವುದೂ ಇದನ್ನೇ. ಡೋಪಮಿನ್ ತಡೆದು ಭ್ರಮೆಗಳನ್ನು ತಗ್ಗಿಸಲು ದಿನಕ್ಕೆ ನೂರಾರು ಮಿ.ಗ್ರಾಂ. ಬೇಕು. ಅಂದರೆ 25 ಮಿ.ಗ್ರಾಂ. ಮಟ್ಟದಲ್ಲಿ ಅಡ್ಡಪರಿಣಾಮವೇ ಚಿಕಿತ್ಸೆ!

ಆದರೆ ಅಡ್ಡಪರಿಣಾಮಗಳು ಒಂಟಿಯಾಗಿ ಬರುವುದಿಲ್ಲ. ಬೆಳಿಗ್ಗೆ ಮಂಪರು ಉಳಿಯಬಹುದು; ತೂಕ, ರಕ್ತದ ಸಕ್ಕರೆ ಅಂಶ ಏರಬಹುದು. ರಾತ್ರಿ ಬಚ್ಚಲಿಗೆಂದು ಎದ್ದಾಗ ರಕ್ತದೊತ್ತಡ ಕುಸಿದು ವೃದ್ಧರು ಬೀಳಬಹುದು. ಮರೆಗುಳಿತನ ಇರುವ ಹಿರಿಯರಲ್ಲಿ ಕ್ವೆಟಿಯಾಪಿನ್ ಗುಂಪಿನ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಬರೀ ನಿದ್ದೆಗಾಗಿ ಇಷ್ಟೆಲ್ಲ ಹೊರುವುದು ನನ್ನ ಮಟ್ಟಿಗೆ ದುಬಾರಿ ವ್ಯಾಪಾರ. ಖಿನ್ನತೆ ಅಥವಾ ಬೈಪೋಲಾರ್ ಕಾಯಿಲೆ ಜೊತೆಗಿದ್ದರೆ ಲೆಕ್ಕ ಬೇರೆ.

ಖಿನ್ನತೆಯ ಔಷಧಿ ಟ್ರಾಜೊಡೋನ್ ಕೂಡ ಹೀಗೆಯೇ ಬಳಕೆಯಲ್ಲಿದೆ. ನಿದ್ರಾಹೀನತೆಗೆ ಅದನ್ನು ಬಳಸಬೇಡಿ ಎಂದು ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2017ರಲ್ಲಿ ಸಲಹೆ ಕೊಟ್ಟಿತು. ಡಾಕ್ಸೆಪಿನ್ ಮಾತ್ರ ಅದೃಷ್ಟವಂತ: ಖಿನ್ನತೆಗೆಂದು ಬಂದ ಈ ಹಳೆಯ ಔಷಧಿಗೆ 2010ರಲ್ಲಿ 3 ಮತ್ತು 6 ಮಿ.ಗ್ರಾಂ. ಪ್ರಮಾಣದಲ್ಲಿ ನಿದ್ದೆಗೇ ಅಲ್ಲಿ ಅನುಮತಿ ಸಿಕ್ಕಿತು.

ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ ಎಂಬ ತರಬೇತಿ. ದಿನಾ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗುವುದು ಅದರ ಭಾಗ.

ಈಗಾಗಲೇ ಕ್ವೆಟಿಯಾಪಿನ್ ನುಂಗುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ. ಮದ್ಯದ ಜೊತೆ ಬೇಡವೇ ಬೇಡ. ಇದನ್ನೇ ಏಕೆ ಬರೆದಿರಿ, ಎಷ್ಟು ವಾರ, ತೂಕ-ಸಕ್ಕರೆ ಪರೀಕ್ಷೆ ಯಾವಾಗ ಎಂದು ವೈದ್ಯರನ್ನೇ ಕೇಳಿ. ಮಾತನಾಡಲು ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ.