ಬಾರದವರ ಲೆಕ್ಕ

ಜನವರಿಯ ಚಳಿ ಇನ್ನೂ ಹಿಂದೆಗೆಯದ ದಿನಗಳಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ನೆರೆಯುವಾಗ, ಸುತ್ತಲಿನ ಹಳ್ಳಿಗಳವರು ಜೋಳದ ರೊಟ್ಟಿಯ ಬುಟ್ಟಿಗಳನ್ನು ಟ್ರ್ಯಾಕ್ಟರಿನಲ್ಲಿಯೂ ಚಕ್ಕಡಿಯಲ್ಲಿಯೂ ಹೇರಿಕೊಂಡು, ಭಜನೆ ಮಾಡುತ್ತ, ಮಹಾದಾಸೋಹಕ್ಕೆ ಬರುವ ನೋಟವನ್ನು ಕಂಡವರಿಗೆ ಸ್ವಯಂಸೇವೆಯೆಂದರೇನೆಂದು ವ್ಯಾಖ್ಯಾನಿಸಿ ತಿಳಿಸಬೇಕಾದುದಿಲ್ಲ. ಯಾರು ಎಷ್ಟು ರೊಟ್ಟಿ ತಟ್ಟಿದರು, ಯಾರು ಬಡಿಸಲು ನಿಂತರು, ಯಾರು ಬರುವೆನೆಂದು ಹೇಳಿ ಬಾರದೆ ಉಳಿದರು ಎಂಬುದನ್ನು ಅಲ್ಲಿ ಯಾರೂ ಬೆನ್ನಟ್ಟಿ ಕೇಳುವುದಿಲ್ಲ; ಒಬ್ಬನ ಸ್ಥಾನ ತೆರವಾದರೆ ಹಿಂದೆ ನಿಂತವನು ಸೊಂಟಕ್ಕೆ ಟವೆಲು ಬಿಗಿದು ಮುಂದೆ ಬರುತ್ತಾನೆ, ಪಂಕ್ತಿ ನಿಲ್ಲುವುದಿಲ್ಲ. 2019ರ ಬೇಸಗೆಯಲ್ಲಿ ಗವಿಸಿದ್ಧೇಶ್ವರ ಸ್ವಾಮಿಗಳವರ ಕರೆಗೆ ಓಗೊಟ್ಟ ಜನಸ್ತೋಮವು ಹಿರೇಹಳ್ಳದ ಪಾತ್ರಕ್ಕಿಳಿದು, 20 ಕಿಲೋಮೀಟರಿಗೂ ಮಿಕ್ಕಿದ ದೂರ ಮುಳ್ಳುಕಂಟಿಯನ್ನೂ ಹೂಳನ್ನೂ ತೆಗೆದು, ಆ ಹಳ್ಳಕ್ಕೆ ಮರಳಿ ಹಳ್ಳದ ರೂಪವನ್ನು ಕೊಟ್ಟಾಗಲೂ ಕೆಲಸವಾಯಿತೇ ಇಲ್ಲವೇ ಎಂಬುದನ್ನು ಕಣ್ಣೇ ಹೇಳುತ್ತಿತ್ತು, ಹಾಜರಿಪುಸ್ತಕವನ್ನು ಕೇಳಬೇಕಾಗಿರಲಿಲ್ಲ.

ಆದರೆ ಸ್ವಯಂಸೇವಕರನ್ನೇ ನೆಚ್ಚಿಕೊಂಡು ನಡೆಯುವ ಇನ್ನೊಂದು ಬಗೆಯ ಕಾರ್ಯವುಂಟು. ಅದರ ಧರ್ಮವೇ ಬೇರೆ. ಹೊಸದೊಂದು ಯೋಜನೆಯನ್ನಾಗಲಿ ಉಪಕರಣವನ್ನಾಗಲಿ ಪಾಠಕ್ರಮವನ್ನಾಗಲಿ ನಾಡಿಗೆಲ್ಲ ಹರಡುವುದಕ್ಕೆ ಮೊದಲು ಕೆಲವೇ ಊರುಗಳಲ್ಲಿ, ಕೆಲವೇ ಜನರ ಕೈಗೆ ಕೊಟ್ಟು ನೋಡುವ ಪೂರ್ವಪರೀಕ್ಷೆಯೇ ಅದು. ಕಚೇರಿಯ ಮಾತಿನಲ್ಲಿ ‘ಪೈಲಟ್’. ಅನ್ನ ಬೆಂದಿದೆಯೇ ಎಂದು ಒಂದಗುಳನ್ನು ಹಿಸುಕಿ ನೋಡುವ ಗೃಹಿಣಿ ನಿತ್ಯವೂ ಮಾಡುವುದು ಇದನ್ನೇ. ಹಿಸುಕಿದ ಅಗುಳು ಪಾತ್ರೆಯ ಅಂಚಿನದೋ ನಡುವಿನದೋ ಎಂಬುದು ಮಾತ್ರ ಅವಳಿಗೆ ತಿಳಿದಿರುತ್ತದೆ, ಯೋಜನೆಗಳ ಪರೀಕ್ಷಕರಿಗೆ ಅನೇಕ ವೇಳೆ ತಿಳಿದಿರುವುದಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಇಂದಿನ ಉತ್ತರಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಅಮೆರಿಕದ ಆಲ್ಬರ್ಟ್ ಮೇಯರರ ಆಲೋಚನೆಯಂತೆ ಗ್ರಾಮಾಭಿವೃದ್ಧಿಯ ಪ್ರಯೋಗವೊಂದು ತೊಡಗಿತು. ಅದರ ಅನುಭವವನ್ನು ಮುಂದಿರಿಸಿಕೊಂಡು 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಸಮುದಾಯ ಯೋಜನೆಗಳು ಆರಂಭವಾದವು. ಒಂದಗುಳಿನ ಮೇಲೆ ಇಡೀ ಹಂಡೆಯ ಭವಿಷ್ಯ ನಿಲ್ಲುವ ಪರಿಯಿದು.

ನಮ್ಮ ಕೊಪ್ಪಳ ಜಿಲ್ಲೆಯೂ ಇಂಥ ಪ್ರಯೋಗಕ್ಕೆ ಕ್ಷೇತ್ರವಾದದ್ದುಂಟು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು ಸರಕಾರದೊಡನೆ ಕೂಡಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ–ಶಿಶುಗಳ ಆರೋಗ್ಯಕ್ಕಾಗಿ ಕೈಗೊಂಡ ‘ಸುಕ್ಷೇಮ’ ಯೋಜನೆಯು, ಊರಿನ ಮಟ್ಟದಲ್ಲಿ ಬಳಸತಕ್ಕ ಸಾಧನಗಳನ್ನು ಮೊದಲು ಬಾಗಲಕೋಟೆ ಮತ್ತು ಕೊಪ್ಪಳಗಳಲ್ಲಿ ಪ್ರಯೋಗಿಸಿ ನೋಡಿತು. ಅವುಗಳಲ್ಲೊಂದು ಬರಿಯ ಕಾಗದದ ಪಟ್ಟಿ. ಆಶಾ ಕಾರ್ಯಕರ್ತೆಯು ತನ್ನ ಪಾಲಿನ ಮನೆಗಳನ್ನೆಲ್ಲ ಗುರುತಿಸಿ, ಓಣಿಯ ಕೊನೆಯ ಗುಡಿಸಲಿನ ಗರ್ಭಿಣಿಯೂ ಬಿಟ್ಟುಹೋಗದಂತೆ ಬರೆದುಕೊಂಡು, ಬಸಿರಿನಿಂದ ಬಾಣಂತನದವರೆಗೆ ಯಾವ ಸೇವೆ ಸಂದಿತು, ಯಾವುದು ಸಲ್ಲದೆ ಉಳಿಯಿತು ಎಂಬುದನ್ನು ಹಿಂಬಾಲಿಸುವುದು ಅದರ ಉದ್ದೇಶ. ಸಂದದ್ದನ್ನು ಬರೆಯುವ ಪುಸ್ತಕಗಳು ನಮ್ಮಲ್ಲಿ ಮೊದಲೇ ಬೇಕಾದಷ್ಟಿದ್ದವು. ಸಲ್ಲದ್ದಕ್ಕೆ ಒಂದು ಕಂಬಸಾಲನ್ನು ಕೊಟ್ಟುದು ಹೊಸತು.

ಸ್ವಯಂಸೇವಕರ ವಿಷಯದಲ್ಲಿಯೂ ಅಂಥ ಕಂಬಸಾಲು ಏಕೆ ಬೇಕೆಂಬುದು ಒಂದು ಕಲ್ಪಿತ ನಿದರ್ಶನದಿಂದ ಸ್ಪಷ್ಟವಾದೀತು. ಈ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಕಾಟ ಹಳೆಯದು; ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಜಲ ಜೀವನ ಮಿಷನ್ನಿನ ಕ್ರಮದಲ್ಲಿ ಊರಿಗೆ ಐವರು ಮಹಿಳೆಯರಿಗೆ ಕಿಟ್ಟಿನಿಂದ ನೀರನ್ನು ಪರೀಕ್ಷಿಸುವ ತರಬೇತಿಯನ್ನು ಕೊಡುತ್ತಾರೆ. ಗಾಜಿನ ಕೊಳವೆಯಲ್ಲಿ ಗೆರೆಯವರೆಗೆ ನೀರು ತುಂಬಿ, ಔಷಧದ ಹನಿಗಳನ್ನು ಎಣಿಸಿ ಬಿಟ್ಟು, ಅಲುಗಿಸಿ, ಬಣ್ಣದ ಚೀಟಿಯ ಪಕ್ಕದಲ್ಲಿ ಹಿಡಿದರೆ, ಫ್ಲೋರೈಡು ಹೆಚ್ಚಿದಂತೆಲ್ಲ ಗುಲಾಬಿ ಬಣ್ಣ ಕಂದಿ ಹಳದಿಗೆ ಸರಿಯುತ್ತದೆ. ಹೊಸ ಬಗೆಯ ಕಿಟ್ಟೊಂದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಹತ್ತುಹತ್ತು ಮಂದಿಯಂತೆ 40 ಮಹಿಳೆಯರಿಗೆ ಕೊಟ್ಟು ಆರು ತಿಂಗಳು ನೋಡುವುದೆಂದು ಇಟ್ಟುಕೊಳ್ಳೋಣ.

ಗಂಗಾವತಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಭತ್ತದ ನಾಟಿ. ಆ ವಾರಗಳಲ್ಲಿ ಮುಂಜಾನೆಯಿಂದ ಸಂಜೆಯ ತನಕ ಹೆಣ್ಣುಮಕ್ಕಳು ಗದ್ದೆಯಲ್ಲಿರುತ್ತಾರೆ, ನಾಟಿ ಮುಗಿಸಿ ಮರಳುತ್ತಾರೆ. ಕುಷ್ಟಗಿ–ಯಲಬುರ್ಗಾಗಳ ಮಳೆಯಾಶ್ರಿತ ಭೂಮಿಯ ಕಥೆ ಹಾಗಲ್ಲ. ಸುಗ್ಗಿ ಮುಗಿದು ಕೆಲಸ ಬತ್ತಿದೊಡನೆ ಸಂಸಾರ ಸಂಸಾರವೇ ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಗುಳೆ ಹೋಗುತ್ತದೆ. ಮೇಲ್ವಿಚಾರಕನು ಬಾಗಿಲು ತಟ್ಟಿದರೆ ಒಳಗಿನ ಮುದುಕಿ, ‘ದುಡಿಯಾಕ ಹೋಗ್ಯಾಳ್ರೀ’ ಎನ್ನುತ್ತಾಳೆ. ಅವನು ಪಕ್ಕದ ಮನೆಯ ಸೊಸೆಯ ಕೈಯಲ್ಲಿ ಕಿಟ್ಟನ್ನಿಟ್ಟು, ಸಂಖ್ಯೆ ಭರ್ತಿಯಾಯಿತೆಂದು ಸಮಾಧಾನದಿಂದ ಬಸ್ಸು ಹತ್ತುತ್ತಾನೆ. ಜಾತ್ರೆಯ ಪಂಕ್ತಿಯಲ್ಲಿ ಇದು ಗುಣ. ಪರೀಕ್ಷೆಯಲ್ಲಿ ಇದೇ ದೋಷ. ಏಕೆಂದರೆ ಆರು ತಿಂಗಳ ಬಳಿಕ ವರದಿಯಲ್ಲಿ ಕಾಣುವುದು ಕೊನೆಯವರೆಗೆ ಉಳಿದವರ ಕೈಗುಣ ಮಾತ್ರ; ನೀರಿಗೆ ಅತಿ ಹೆಚ್ಚು ತೊಂದರೆಯಿರುವ ಊರುಗಳವರೇ ಮೊದಲು ಜಾರಿಹೋಗಿದ್ದರೆ, ಕಿಟ್ಟು ಉತ್ತೀರ್ಣವಾಗುವುದು ಅದನ್ನು ಹೆಚ್ಚಾಗಿ ಬೇಡದವರ ಸಾಕ್ಷಿಯಿಂದ. ಕಾಗದದ ಹಾಜರಿಯೂ ಸುಳ್ಳು ಹೇಳಿರುವುದಿಲ್ಲ. ಅದನ್ನು ಕೇಳಿದ ಪ್ರಶ್ನೆಯೇ ತಪ್ಪು.

ಸ್ವಯಂಸೇವಕ ನಿರ್ವಹಣೆಯ ತಂತ್ರಾಂಶವೆಂದು ಈಗ ಕರೆಯುವ ಸಾಧನಕ್ಕೆ ಇಲ್ಲಿ ನಿಜವಾದ ಉಪಯೋಗವಿದೆ. ಹೆಸರು, ಊರು, ತರಬೇತಿಯ ದಿನ, ಒಪ್ಪಿಕೊಂಡ ಕೆಲಸ, ಬಿಡುವಿನ ವೇಳೆ ಇವುಗಳನ್ನು ಅದು ಒಂದೆಡೆ ಕೂಡಿಡುತ್ತದೆ. ಯಾರಿಗೆ ಯಾವ ವಾರ ಯಾವ ಕೆಲಸವೆಂದು ಹಂಚುತ್ತದೆ. ಮುನ್ನಾದಿನ ಸಂದೇಶವನ್ನು ಕಳಿಸುತ್ತದೆ. ಮಾಡಿದ ಕೆಲಸದ ವರದಿ ಬಂದರೆ ಗುರುತು ಹಾಕುತ್ತದೆ. ಇವೆಲ್ಲವನ್ನೂ ಜಾಣ ಗುಮಾಸ್ತನೊಬ್ಬನು ಮಾಡಿಯಾನು. ಅವನಿಂದಾಗದ ಕೆಲಸವೆಂದರೆ, ಎರಡು ವಾರದಿಂದ ವರದಿ ಬಾರದ ಹೆಸರನ್ನು ತಾನಾಗಿ ಮೇಲಕ್ಕೆತ್ತಿ ತೋರುವುದು. ಮತ್ತು ಪಕ್ಕದ ಮನೆಯ ಸೊಸೆಯನ್ನು ಸೇರಿಸಿದಾಗ, ಹೋದವಳ ಹೆಸರನ್ನು ಅಳಿಸಲು ಬಿಡದೆ, ಅವಳು ಯಾವ ದಿನ ಬಿಟ್ಟಳು, ಏಕೆ ಬಿಟ್ಟಳು ಎಂದು ಕೇಳಿಯೇ ಮುಂದುವರಿಯುವುದು. ಈ ಪ್ರಶ್ನೆಯನ್ನು ಕೇಳದ ತಂತ್ರಾಂಶವನ್ನು, ಅದು ಎಷ್ಟೇ ಅಂದವಾಗಿರಲಿ, ಪರೀಕ್ಷಾಕಾರ್ಯಕ್ಕೆ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಕೊಳ್ಳಲೇಬೇಕೆಂದೂ ಇಲ್ಲ: ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಪನ್ ಡೇಟಾ ಕಿಟ್, ನಮ್ಮ ಬೆಂಗಳೂರಿನ ಸಮನ್ವಯ ಸಂಸ್ಥೆಯವರು ಕಟ್ಟಿದ ‘ಅವನಿ’ ಮುಂತಾದವು ಮುಕ್ತ ತಂತ್ರಾಂಶಗಳು, ಇವು ಮೂಲತಃ ಕ್ಷೇತ್ರದ ಮಾಹಿತಿಯನ್ನು ಕೂಡಿಡಲು ಹುಟ್ಟಿದವಾದರೂ, ಜಾಲಸಂಪರ್ಕವಿಲ್ಲದ ಊರಿನಲ್ಲಿ ಬರೆದುಕೊಂಡು, ಸಂಪರ್ಕ ಸಿಕ್ಕಾಗ ರವಾನಿಸುವ ಗುಣವುಳ್ಳವು. ನಲವತ್ತೇ ಜನರಾದರೆ ಸಾಧಾರಣ ಲೆಕ್ಕದ ಹಾಳೆಯೂ ಸಾಕು, ಬಿಟ್ಟ ದಿನಕ್ಕೂ ಕಾರಣಕ್ಕೂ ಎರಡು ಕಂಬಸಾಲುಗಳಿದ್ದರೆ.

ಇಷ್ಟಾದರೂ ಯಂತ್ರವು ನಮ್ಮ ಸೀಮೆಗೆ ಬಂದಾಗ ಎಡವುವ ಸ್ಥಳಗಳುಂಟು. ಗವಿಸಿದ್ಧೇಶ್ವರನ ಸೀಮೆಯ ಒಂದು ಹಳ್ಳಿಯಲ್ಲಿ ನಿಂತು ‘ಗವಿಸಿದ್ದಪ್ಪಾ’ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುವರೆಂಬುದನ್ನು ಊರವರು ಬಲ್ಲರು, ದೂರದ ನಗರದಲ್ಲಿ ಕುಳಿತು ತಂತ್ರಾಂಶವನ್ನು ರಚಿಸಿದವನು ಅರಿಯನು. ದಕಾರಕ್ಕೆ ದಕಾರದೊತ್ತು ಕೊಟ್ಟ ಗವಿಸಿದ್ದಪ್ಪನೂ ಧಕಾರದೊತ್ತು ಕೊಟ್ಟ ಗವಿಸಿದ್ಧಪ್ಪನೂ ಯಂತ್ರಕ್ಕೆ ಇಬ್ಬರು; ಒಂದೇ ಕಾಗುಣಿತದ ಮೂವರು ಹುಲಿಗೆಮ್ಮಂದಿರು ಕೆಲವೊಮ್ಮೆ ಒಬ್ಬಳೇ. ತಂದೆಯ ಅಥವಾ ಗಂಡನ ಹೆಸರು, ಓಣಿಯ ಹೆಸರು, ಮನೆತನದ ಅಡ್ಡಹೆಸರು ಇವನ್ನೆಲ್ಲ ಸೇರಿಸಿಯೇ ನಾವು ಮನುಷ್ಯನನ್ನು ಗುರುತಿಸುವುದು. ನಮೂನೆಯಲ್ಲಿ ಅವಕ್ಕೆ ಎಡೆ ಬೇಕು. ದೂರವಾಣಿಯ ಸಂಖ್ಯೆಯಿಂದ ಗುರುತಿಸೋಣವೆಂದರೆ ಅದು ಇನ್ನೊಂದು ಬಗೆಯ ಸೋಜಿಗ: ಸ್ವಯಂಸೇವಕಿ ತಾಯಿ, ಮನೆಗೆ ಇರುವುದೊಂದೇ ಮೊಬೈಲು, ಅದು ಮಗನ ಕಿಸೆಯಲ್ಲಿ, ‘ನಾಳೆ ನೀರು ಪರೀಕ್ಷಿಸಿರಿ’ ಎಂಬ ಸಂದೇಶ ಗೋವೆಯ ಗಾರೆಕೆಲಸದ ಅಟ್ಟಣಿಗೆಯ ಮೇಲೆ ಓದಲ್ಪಡುತ್ತದೆ.

ಇನ್ನು ನೋವಿನ ಮಾತೊಂದು. ಆಶಾ ಕಾರ್ಯಕರ್ತೆಯರನ್ನು ಸರಕಾರವು ನೌಕರರೆನ್ನದೆ ಗೌರವ ಸ್ವಯಂಸೇವಕಿಯರೆಂದೇ ಕರೆಯುತ್ತ ಬಂದಿದೆ. ಅವರ ಪ್ರೋತ್ಸಾಹಧನವನ್ನು, ತಾಯಿ–ಮಕ್ಕಳ ಆರೋಗ್ಯಸೇವೆಗಳನ್ನು ದಾಖಲಿಸುವ ಆರ್‌ಸಿಎಚ್ ಪೋರ್ಟಲಿನ ದಾಖಲೆಗೆ ಗಂಟುಹಾಕಿದ್ದರಿಂದ, ದಾಖಲೆಯಾಗದ ಕೆಲಸವು ಮಾಡದ ಕೆಲಸವೆನಿಸಿ ತಮಗೆ ಹಣ ತಪ್ಪುತ್ತಿದೆಯೆಂದು, ಆ ಗಂಟನ್ನು ಬಿಚ್ಚಬೇಕೆಂದು, ರಾಜ್ಯದ ಆಶಾಗಳು ಬೆಂಗಳೂರಿನಲ್ಲಿ ನಡೆಸಿದ ಹೋರಾಟಗಳಲ್ಲಿ ಬೇಡಿಕೆಯನ್ನಿಟ್ಟಿದ್ದರು. ಬಾರದವರನ್ನು ಹುಡುಕಬೇಕಾದ ಯಂತ್ರವು ಬಂದು ದುಡಿದವಳನ್ನೇ ಗೈರುಹಾಜರೆಂದು ಬರೆದರೆ ಅದರಷ್ಟು ಅನ್ಯಾಯ ಬೇರಿಲ್ಲ. ಪರೀಕ್ಷೆಯ ಕಾಲದಲ್ಲಂತೂ ಗೈರುಹಾಜರಿಯ ದಾಖಲೆ ಶಿಕ್ಷೆಗೆ ಆಧಾರವಾಗಕೂಡದು. ಆದೊಡನೆ ಜನರು ಬಣ್ಣವನ್ನು ನೋಡದೆಯೇ ಬಣ್ಣವನ್ನು ಬರೆಯುವರು.

ಇದೆಲ್ಲ ದೂರದ ಮಾತೆಂದು ಓದುಗರು ಭಾವಿಸಬೇಕಾಗಿಲ್ಲ. ವಯಸ್ಕರ ಶಿಕ್ಷಣಕ್ಕಾಗಿ ಕೇಂದ್ರ ಸರಕಾರವು 2022ರಿಂದ 2027ರವರೆಗೆ ನಡೆಸುತ್ತಿರುವ ‘ಉಲ್ಲಾಸ್’ ಕಾರ್ಯಕ್ರಮವು ಪೂರ್ಣವಾಗಿ ಸ್ವಯಂಸೇವಕರನ್ನೇ ನೆಚ್ಚಿದುದು. 2023ರ ಜುಲೈಯಲ್ಲಿ ಬಿಡುಗಡೆಯಾದ ಅದರ ಆ್ಯಪಿನಲ್ಲಿ ಕಲಿಸುವವರೂ ಕಲಿಯುವವರೂ ಹೆಸರು ನೋಂದಾಯಿಸಿಕೊಳ್ಳುತ್ತಾರೆ, ಕಲಿಯುವವರನ್ನು ಕಲಿಸುವವರಿಗೆ ಜೋಡಿಸಲಾಗುತ್ತದೆ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಸುಮಾರು 68 ಪ್ರತಿಶತ, ಹೆಣ್ಣುಮಕ್ಕಳದು 58ಕ್ಕೂ ಒಳಗೆ. ಆದುದರಿಂದ ಇಲ್ಲಿನ ಕಾಲೇಜು ವಿದ್ಯಾರ್ಥಿಗೆ ಕಲಿಸಲು ಮನೆಯ ಓಣಿಯನ್ನು ದಾಟಬೇಕಾಗಿಲ್ಲ. ಹಾಗೆ ಹೆಸರು ಕೊಡುವವರಲ್ಲಿ ನನ್ನದೊಂದೇ ಪ್ರಾರ್ಥನೆ: ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಡಬೇಕಾಗಿ ಬಂದರೆ ಸುಮ್ಮನೆ ಮರೆಯಾಗಬೇಡಿರಿ, ಬಿಟ್ಟೆನೆಂದೂ, ಏಕೆ ಬಿಟ್ಟೆನೆಂದೂ ಎರಡು ಸಾಲು ತಿಳಿಸಿರಿ.