ಪ್ರತಿ ಬೇಸಿಗೆಗೂ ಎಸಿ ಗ್ಯಾಸ್ ಹಾಕಿಸುವವರ ಲೆಕ್ಕ

ಹತ್ತು-ಹದಿನೈದು ವರ್ಷ ಓಡಿದ ಸಣ್ಣ ಕಾರಿನ ಎಸಿಗೆ ಬೇಕಾದ ಗ್ಯಾಸ್ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಹಿಂದಿನ ಸೀಟಿಗೆಂದು ಇನ್ನೊಂದು ಕೂಲಿಂಗ್ ಕಾಯಿಲ್ ಇರುವ ದೊಡ್ಡ ಗಾಡಿಗೆ 800 ಗ್ರಾಂ ದಾಟಬಹುದು. ನಿಮ್ಮ ಗಾಡಿಯ ನಿಖರ ತೂಕ ಬಾನೆಟ್ ಕೆಳಗಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಪೆಟ್ರೋಲಿನಂತೆ ಈ ಗ್ಯಾಸ್ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಆವಿಯಾಗಿ, ದ್ರವವಾಗಿ, ಮತ್ತೆ ಆವಿಯಾಗಿ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸುಗಳಿಂದ ವರ್ಷಕ್ಕೆ ಕೆಲವು ಗ್ರಾಂ ಜಿನುಗುವುದು ಸಹಜ. ಒಂದೇ ವರ್ಷದಲ್ಲಿ ಅರ್ಧ ಖಾಲಿಯಾಯಿತೆಂದರೆ ಲೀಕ್ ಇದೆ ಎಂದೇ ಅರ್ಥ. ಅದನ್ನು ಹುಡುಕದೆ ಮತ್ತೆ ತುಂಬಿಸುವುದು ಶುದ್ಧ ನಷ್ಟ.

ಒಂದು ಸಲಕ್ಕೆ ₹1,800 ಎಂದಿಟ್ಟುಕೊಳ್ಳೋಣ. ಊರು, ಗಾಡಿ ನೋಡಿ ಹೆಚ್ಚುಕಡಿಮೆಯಾದೀತು. ನಾಲ್ಕು ಬೇಸಿಗೆಗೆ ₹7,200. ಲೀಕ್ ಇರುವುದು ಪೈಪಿನ ಜಾಯಿಂಟಿನಲ್ಲಾದರೆ ಬೇಕಾದದ್ದು ಒಂದು ಒ-ರಿಂಗ್ ಅಷ್ಟೇ. ರಿಂಗಿಗೆ ₹50, ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ನೋಡುವುದೂ ಸೇರಿ ಕೂಲಿ ₹900, ಗ್ಯಾಸ್ ₹1,800. ಒಟ್ಟು ₹2,750, ಅದೂ ಒಂದೇ ಸಲ. ಕಂಡೆನ್ಸರ್ ತೂತಾಗಿದ್ದು, ಹೊಸದಕ್ಕೆ ₹4,500 ಹಿಡಿದರೂ ಕೂಲಿ, ಗ್ಯಾಸ್ ಸೇರಿ ಅದೇ ₹7,200 ಆಗುತ್ತದೆ. ನಾಲ್ಕು ವರ್ಷ ಗಾಳಿಗೆ ಬಿಟ್ಟ ದುಡ್ಡಿನಲ್ಲಿ ಕಂಡೆನ್ಸರೇ ಬರುತ್ತಿತ್ತು! ದುಬಾರಿಯಾಗುವುದು ಕೂಲಿಂಗ್ ಕಾಯಿಲ್ ಸೋರಿದಾಗ, ಏಕೆಂದರೆ ಬಹಳಷ್ಟು ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅದಕ್ಕಿಂತ ಕೆಟ್ಟದ್ದು ಕಂಪ್ರೆಸರ್ ಜಾಮ್ ಆಗುವುದು. ಕಂಪ್ರೆಸರಿನ ಆಯಿಲ್ ಸುತ್ತುವುದೇ ಗ್ಯಾಸಿನ ಜೊತೆ. ಗ್ಯಾಸ್ ಕಡಿಮೆಯಿಟ್ಟು ಓಡಿಸಿದರೆ ಆಯಿಲೂ ಸರಿಯಾಗಿ ವಾಪಸು ಬರುವುದಿಲ್ಲ.

ಇನ್ನು ಗೇಜಿನ ವಿಷಯ. ಇಲ್ಲಿಯೇ ಹೆಚ್ಚು ಜನ ಮೋಸ ಹೋಗುತ್ತಾರೆ. ಇಂಜಿನ್ ಆಫ್ ಇದ್ದಾಗ, 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಇಂಥ ಗಾಡಿಗಳ ಎಸಿಯಲ್ಲಿರುವ ಆರ್-134ಎ ಗ್ಯಾಸಿನ ಒತ್ತಡ ಸುಮಾರು 114 ಪಿಎಸ್‌ಐ; 30 ಡಿಗ್ರಿಯಲ್ಲಿ 97ರ ಆಸುಪಾಸು. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, 200 ಗ್ರಾಂ ಇದ್ದರೂ 400 ಗ್ರಾಂ ಇದ್ದರೂ ಮುಳ್ಳು ಅಲ್ಲಿಯೇ ನಿಲ್ಲುತ್ತದೆ. ಹಾಗಾಗಿ ನಿಂತ ಗಾಡಿಗೆ ಗೇಜ್ ಹಾಕಿ ‘ಗ್ಯಾಸ್ ಫುಲ್ ಇದೆ’ ಎನ್ನುವ ಮಾತಿಗೆ ಬೆಲೆಯಿಲ್ಲ. ಎಸಿ ಓಡುತ್ತಿರುವಾಗ ನೋಡಬೇಕು. ಕಂಪ್ರೆಸರಿಗೆ ಮರಳುವ ಲೋ ಸೈಡ್, ಅಲ್ಲಿಂದ ಹೊರಡುವ ಹೈ ಸೈಡ್ ಎರಡರ ಒತ್ತಡವೂ ಇಳಿದಿದ್ದರೆ ಗ್ಯಾಸ್ ಕಡಿಮೆಯಿರುವ ಸಂಭವ ಹೆಚ್ಚು. ಎರಡೂ ಏರಿದ್ದರೆ ಗ್ಯಾಸ್ ಜಾಸ್ತಿಯಾಗಿದೆ, ಇಲ್ಲವೇ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಲೋ ಏರಿ ಹೈ ಇಳಿದಿದ್ದರೆ ಕಂಪ್ರೆಸರ್ ಸೋತಿದೆ. ಎಷ್ಟು ತುಂಬಬೇಕೆನ್ನುವುದನ್ನು ಮಾತ್ರ ತಕ್ಕಡಿಯೇ ಹೇಳಬೇಕು: ಹಳೆಯದನ್ನು ಯಂತ್ರದಿಂದ ಎಳೆದು ತೂಗಿ, ಚೀಟಿಯಲ್ಲಿರುವಷ್ಟನ್ನೇ ಹಾಕಬೇಕು.

ತುಂಬುವ ಮುನ್ನ ವ್ಯಾಕ್ಯೂಮ್ ಹಿಡಿಸುವುದು ಒಳಗಿನ ಗಾಳಿ, ತೇವ ತೆಗೆಯಲು. ನೀರು 30 ಡಿಗ್ರಿಯಲ್ಲೇ ಕುದಿದು ಆವಿಯಾಗಬೇಕಾದರೆ ಒತ್ತಡ ಸುಮಾರು 4.2 ಕಿಲೋಪ್ಯಾಸ್ಕಲ್‌ಗೆ, ಅಂದರೆ ವಾತಾವರಣದ ಒತ್ತಡದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಯಬೇಕು. ಅರ್ಧ ಗಂಟೆಯಾದರೂ ಪಂಪ್ ಓಡಲಿ. ಗೇಜಿನ ಲೆಕ್ಕ ಊರಿನಿಂದ ಊರಿಗೆ ಬೇರೆ. ಮಂಗಳೂರಿನಲ್ಲಿ ಮುಳ್ಳು ಪಾದರಸದ 29 ಇಂಚು ದಾಟಬಹುದು. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಎಷ್ಟು ಒಳ್ಳೆಯ ಪಂಪಾದರೂ 27ರ ಹತ್ತಿರವೇ ನಿಲ್ಲುತ್ತದೆ. ಅಷ್ಟಕ್ಕೇ ಪಂಪ್ ಕೆಟ್ಟಿದೆ ಎನ್ನಬೇಡಿ. ಪಂಪ್ ನಿಲ್ಲಿಸಿ 15 ನಿಮಿಷ ಬಿಟ್ಟು ನೋಡಿ. ಮುಳ್ಳು ಹಿಂದಕ್ಕೆ ಸರಿದರೆ ಲೀಕ್ ಇನ್ನೂ ಇದೆ ಅಥವಾ ತೇವ ಉಳಿದಿದೆ.

ಕೂಲಿಂಗ್ ಇಲ್ಲ ಎಂದಾಗಲೆಲ್ಲ ಗ್ಯಾಸೇ ಕಾರಣ ಎಂದುಕೊಳ್ಳುವುದೂ ತಪ್ಪು. ಹೈವೇಯಲ್ಲಿ ತಣ್ಣಗಿದ್ದು ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾದರೆ ಮೊದಲು ಕಂಡೆನ್ಸರ್ ಫ್ಯಾನ್ ನೋಡಿಸಿ. ಗಾಳಿಯ ರಭಸವೇ ಕುಗ್ಗಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಕೆಲವೇ ನೂರು ರೂಪಾಯಿಯ ಸಾಮಾನು. ಅರ್ಧ ಗಂಟೆ ಚೆನ್ನಾಗಿ ಬಂದು ಆಮೇಲೆ ಗಾಳಿ ನಿಂತೇಹೋದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತಿರಬಹುದು. ಹೀಟರ್ ಕೇಬಲ್ ಸಡಿಲಾಗಿ ಬಿಸಿ ಗಾಳಿ ಬೆರೆಯುವುದೂ ಹಳೇ ಗಾಡಿಗಳಲ್ಲಿ ಉಂಟು. ಹೊರಗೆ 35 ಡಿಗ್ರಿ ಇರುವಾಗ ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟು ಹತ್ತು ನಿಮಿಷ ಓಡಿಸಿ. ನಡುವಿನ ಕಿಂಡಿಯಲ್ಲಿಟ್ಟ ಥರ್ಮಾಮೀಟರ್ 5ರಿಂದ 10 ಡಿಗ್ರಿ ತೋರಿಸಿದರೆ ಎಸಿ ಆರೋಗ್ಯವಾಗಿದೆ.

ಸೋರಿದ ಗ್ಯಾಸ್ ನಮ್ಮ ಜೇಬಿಗೆ ಮಾತ್ರ ಹೊರೆಯಲ್ಲ. ಆರ್-134ಎ ಭೂಮಿಯನ್ನು ಬಿಸಿಮಾಡುವ ಶಕ್ತಿ, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು. 400 ಗ್ರಾಂ ಸೋರಿದರೆ ಅದು 572 ಕಿಲೋ ಡೈಆಕ್ಸೈಡಿಗೆ ಸಮ. ಲೀಟರ್ ಪೆಟ್ರೋಲ್ ಉರಿದರೆ ಹೊರಬರುವುದು ಸುಮಾರು 2.3 ಕಿಲೋ, ಅಂದರೆ ಇದು ಹತ್ತಿರಹತ್ತಿರ 250 ಲೀಟರ್ ಪೆಟ್ರೋಲಿನ ಹೊಗೆ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿ ಅಷ್ಟರಲ್ಲಿ 3,750 ಕಿ.ಮೀ. ಓಡುತ್ತದೆ. 2016ರ ಕಿಗಾಲಿ ಒಪ್ಪಂದದಲ್ಲಿ ಜಗತ್ತು ಈ ಜಾತಿಯ ಗ್ಯಾಸುಗಳ ಬಳಕೆ ಇಳಿಸಲು ಒಪ್ಪಿಕೊಂಡದ್ದು ಇದೇ ಕಾರಣಕ್ಕೆ.

ಆದ್ದರಿಂದ ಗ್ಯಾರೇಜಿಗೆ ಹೋದಾಗ ಬಿಲ್ಲಿನಲ್ಲಿ ಮೂರು ಸಂಖ್ಯೆ ಬರೆಸಿಕೊಳ್ಳಿ: ಒಳಗಿಂದ ಎಷ್ಟು ಗ್ರಾಂ ತೆಗೆದರು, ಎಷ್ಟು ಗ್ರಾಂ ಹಾಕಿದರು, ವ್ಯಾಕ್ಯೂಮ್ ಎಷ್ಟು ನಿಮಿಷ ನಿಂತಿತು. ಬರೆದುಕೊಡಲು ಒಪ್ಪದವರ ಕೈಗೆ ಗಾಡಿ ಕೊಡಬೇಡಿ.